ಬುತ್ತಿ ಬಿಚ್ಚುವ ಹೊತ್ತು

ಓದುಗರ ಪ್ರಶ್ನೆಗಳಿಗೆ ಗಂಗಾವತಿಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರ ಉತ್ತರ

ದೂರದ ಬೆಟ್ಟದ ಓಟ, ನಡಿಗೆಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಮೊಣಕಾಲು, ಬೂಟು, ಕೋಲು ಇವುಗಳ ಬಗ್ಗೆ ಕೇಳುತ್ತಾರೆಂದು ಎರಡು ಪುಟ ಟಿಪ್ಪಣಿ ಮಾಡಿಟ್ಟುಕೊಂಡು ಕುಳಿತಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಟ್ಟೆಯವು, ಉಳಿದವು ನಿದ್ದೆಯವು. ಟಿಪ್ಪಣಿ ಹಾಗೆಯೇ ಉಳಿದಿದೆ.

ಪ್ರಶ್ನೆ: ತೋರಣಗಲ್ಲಿನ ಕಡೆ ಪಾಳಿ ಕೆಲಸ ಮಾಡುತ್ತೇನೆ, ವಯಸ್ಸು 29. ಸಂಡೂರಿನ ಗುಡ್ಡಗಳಲ್ಲಿ ಅಭ್ಯಾಸ. ಕಳೆದ ವರ್ಷ ಘಟ್ಟದ ಮೇಲಿನ 50 ಕಿ.ಮೀ. ಓಟದಲ್ಲಿ 32ನೇ ಕಿ.ಮೀ. ಹೊತ್ತಿಗೆ ವಾಂತಿ ಶುರುವಾಗಿ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಚೆನ್ನಾಗಿ ತಿಂದಿದ್ದೆ. ಆಮೇಲೆ ಹಸಿವಾಗಲಿಲ್ಲವೆಂದು ಮೂರು ಗಂಟೆ ಏನೂ ಮುಟ್ಟಲಿಲ್ಲ. ಸುಸ್ತಾದಾಗ ಓಟಗಾರರು ಒಯ್ಯುವ ಗಟ್ಟಿ ಸಕ್ಕರೆಯ ಮೂರು ಜೆಲ್ ಪೊಟ್ಟಣಗಳನ್ನು ಒಟ್ಟಿಗೆ ನುಂಗಿದೆ. ಈ ವರ್ಷ 80 ಕಿ.ಮೀ.ಗೆ ಹೆಸರು ಕೊಟ್ಟಿದ್ದೇನೆ. ಏನು ತಿನ್ನಲಿ, ಮಾಸ್ತರರೇ?
— ಬಳ್ಳಾರಿ ಜಿಲ್ಲೆಯ ಓದುಗ

ಉತ್ತರ: ತಮ್ಮಾ, ನೀನು ಕೇಳಬೇಕಾದದ್ದು ಏನು ತಿನ್ನಲಿ ಎಂದಲ್ಲ, ಯಾವಾಗ ತಿನ್ನಲಿ ಎಂದು. ಈ ತಪ್ಪನ್ನು ನಿನಗಿಂತ ಮೊದಲು ನಾನೇ ಮಾಡಿದ್ದೇನೆ, ಅದೂ ದೇವರ ದಾರಿಯಲ್ಲಿ. ಯುಗಾದಿಗೆ ಮೊದಲು ನಮ್ಮ ಕಡೆಯ ಜನ ಶ್ರೀಶೈಲಕ್ಕೆ ನಡೆದು ಹೋಗುವುದು ನಿನಗೂ ಗೊತ್ತು. ಆತ್ಮಕೂರು ದಾಟಿ ವೆಂಕಟಾಪುರದಲ್ಲಿ ನಲ್ಲಮಲದ ಕಾಡು ಹೊಕ್ಕರೆ ಮುಂದೆ ನಾಗಲೂಟಿ, ಪೆದ್ದ ಚೆರುವು, ಭೀಮುನಿ ಕೊಳನು, ಕೈಲಾಸ ದ್ವಾರ. ನನ್ನ ಮೊದಲ ಯಾತ್ರೆಯಲ್ಲಿ ವೆಂಕಟಾಪುರದ ದಾಸೋಹದಲ್ಲಿ ನಾಲ್ಕು ರೊಟ್ಟಿ ಮುರಿದು, ಯಾರೋ ಕೊಟ್ಟ ಮಿರ್ಚಿಯನ್ನೂ ಬಿಡದೆ ತಿಂದು, ಕೊರಳಲ್ಲಿ ಶಾಲೆಯ ಸೀಟಿ ನೇತುಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆದೆ. ಮುಂದೆ ಹಸಿವೇ ಆಗಲಿಲ್ಲ, ನಾನೂ ತಿನ್ನಲಿಲ್ಲ. ಭೀಮುನಿ ಕೊಳನು ದೊಡ್ಡ ಕಣಿವೆ, ಇಳಿದಷ್ಟನ್ನೂ ಮತ್ತೆ ಏರಬೇಕು. ಆ ಮೆಟ್ಟಿಲ ಮೇಲೆ ರೊಟ್ಟಿ, ಮಿರ್ಚಿ, ಅಹಂಕಾರ ಮೂರೂ ಹೊರಗೆ ಬಂದವು. ಸಿಂಧನೂರು ಕಡೆಯ ಅಜ್ಜಿಯೊಬ್ಬರು ಬರಿಗಾಲಲ್ಲಿ ಬಂದು, ಸೆರಗಿನ ಗಂಟಿನಿಂದ ಒಂದಿಷ್ಟು ಪುಟಾಣಿ, ಬೆಲ್ಲ ತೆಗೆದು ನನ್ನ ಅಂಗೈಗೆ ಹಾಕಿ, ನಿಲ್ಲದೆ ಏರಿ ಹೋದರು. ಮುಂಜಾನೆಯಿಂದ ಅವರು ಆ ಗಂಟನ್ನು ಬಿಚ್ಚುತ್ತಲೇ ಇದ್ದುದನ್ನು ನೋಡಿ, ಅವರಿಗೆ ತಿನ್ನುವ ಚಪಲ ಎಂದುಕೊಂಡಿದ್ದೆ.

ಆ ಅಜ್ಜಿಯ ಗಂಟಿನ ಲೆಕ್ಕ ಈಗ ಪುಸ್ತಕಗಳಲ್ಲಿದೆ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400ರಿಂದ 500 ಗ್ರಾಂ, ಅಂದರೆ 2,000 ಕ್ಯಾಲೊರಿಯ ಆಸುಪಾಸು. ಅರ್ಧ ದಿನದ ಬೆಟ್ಟಕ್ಕೆ ಅದು ಸಾಲದು. ಜೋರಾಗಿ ಏರುವಾಗ ರಕ್ತ ಕಾಲಿಗೂ, ಬಿಸಿಲಿದ್ದರೆ ಚರ್ಮಕ್ಕೂ ಹರಿಯುತ್ತದೆ, ಕರುಳಿಗೆ ಸಿಗುವುದು ಕಡಿಮೆ. ಅಂಥ ಹೊತ್ತಿನಲ್ಲಿ ಮೂರು ಜೆಲ್ ಒಟ್ಟಿಗೆ ಸುರಿದರೆ ಆ ಗಟ್ಟಿ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ. ಪಾಪ, ಜೆಲ್ಲಿನ ತಪ್ಪೇನೂ ಇಲ್ಲ. ನನಗೆ ಆ ಪೊಟ್ಟಣಗಳನ್ನು ಕಂಡರೆ ಆಗದು, ಆದರೆ ನೀರಿನೊಂದಿಗೆ ಒಂದೊಂದಾಗಿ ತೆಗೆದುಕೊಂಡರೆ ಅವು ಕೆಲಸ ಮಾಡುತ್ತವೆ ಎಂಬುದನ್ನು ಒಪ್ಪಲೇಬೇಕು.

ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ, ಮೊದಲ ಅರ್ಧ ಗಂಟೆಯಿಂದಲೇ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, 10 ಗ್ರಾಂ ಬೆಲ್ಲದಲ್ಲಿ 9ರ ಆಸುಪಾಸು, ಅಂಗೈಯಷ್ಟು ಬೇಯಿಸಿದ ಆಲೂಗಡ್ಡೆಯಲ್ಲಿ 20ರ ಹತ್ತಿರ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕರುಳಿನಲ್ಲಿ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತವೆ. ಹಾಗಾಗಿ ಎರಡನ್ನೂ ಬೆರೆಸಿ, ಅಭ್ಯಾಸ ಮಾಡಿಕೊಂಡವರು 90 ಗ್ರಾಂವರೆಗೂ ಅರಗಿಸಿಕೊಳ್ಳುತ್ತಾರೆ. ನಮ್ಮ ಬೆಲ್ಲದಲ್ಲಿ ಈ ಎರಡೂ ಕೂಡಿಯೇ ಇವೆ, ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಒಟ್ಟು ಎಷ್ಟು ಕಟ್ಟಿಕೊಳ್ಳಬೇಕು ಎಂದರೆ ಮೊದಲು ದಾರಿ ಎಷ್ಟು ಗಂಟೆಯದು ಎಂದು ತಿಳಿಯಬೇಕು. ಅದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನೇ ನಾನು ಇಂದಿಗೂ ಬಳಸುತ್ತೇನೆ. 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 50 ಕಿ.ಮೀ. ದೂರ, 1,800 ಮೀಟರ್ ಏರು ಇದ್ದರೆ 10 ಮತ್ತು 3, ಒಟ್ಟು 13 ಗಂಟೆ. ಓಡುವ ಹುಡುಗನಿಗೆ ಇದು ಹೆಚ್ಚಾಯಿತು ಎನಿಸಬಹುದು. ಕೆಸರು, ಕತ್ತಲು, ದಾರಿ ತಪ್ಪಿದ್ದು ಎಲ್ಲ ಸೇರಿದರೆ ಹೆಚ್ಚೇನೂ ಆಗುವುದಿಲ್ಲ. ಗಂಟೆಗೆ 50 ಗ್ರಾಂ ಹಿಡಿದರೆ 650 ಗ್ರಾಂ. ಅದರಲ್ಲಿ ದಾರಿಯ ಆಹಾರ ಕೇಂದ್ರಗಳಲ್ಲಿ ಎಷ್ಟು ಸಿಗುತ್ತದೆ, ಬೆನ್ನ ಮೇಲೆ ಎಷ್ಟು ಹೋಗಬೇಕು ಎಂದು ಮನೆಯಲ್ಲೇ ಕುಳಿತು ಬರೆದಿಡು. ಗಡಿಯಾರ 20 ನಿಮಿಷಕ್ಕೊಮ್ಮೆ ಸದ್ದು ಮಾಡಲಿ. ಹಸಿವು ಕೇಳಿದಾಗ ಕೊಡುತ್ತೇನೆ ಎನ್ನಬೇಡ, ಬೆಟ್ಟದಲ್ಲಿ ಹಸಿವು ಬಾಯಿ ಬಿಟ್ಟು ಕೇಳುವುದಿಲ್ಲ. ನಿಧಾನ ಏರಿನಲ್ಲಿ ನಡೆಯುತ್ತಾ ಅಗಿ. ಕಡಿದಾದ ಇಳಿಜಾರಿಗೆ ಮುನ್ನ ಬೇಡ, ತಿಂದದ್ದೆಲ್ಲ ಕುಲುಕುತ್ತದೆ.

ಜೋಳದ ರೊಟ್ಟಿ ಬಿಡು ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಹಿಂದಿನ ದಿನ ಮತ್ತು ಓಟದ ದಿನ ಅದರ ನಾರು ನಿನಗೆ ಉಪಕಾರ ಮಾಡುವುದಿಲ್ಲ. ಹಿಂದಿನ ರಾತ್ರಿ ನಮ್ಮ ಸೋನಾ ಮಸೂರಿಯ ಬಿಳಿ ಅನ್ನ, ತಿಳಿಸಾರು ಸಾಕು. ಬೆಳಗಿನ ತಿಂಡಿ ಓಟಕ್ಕೆ ಮೂರು ಗಂಟೆ ಮೊದಲು ಮುಗಿಯಲಿ. ಶೇಂಗಾ ಹೋಳಿಗೆಯಲ್ಲಿ ಎಣ್ಣೆಯಂಶ ಹೆಚ್ಚು, ನಿಧಾನ ಅರಗುತ್ತದೆ. ಅದು ನಡೆಯುವವರಿಗೆ ಒಳ್ಳೆಯದು, ಏದುಸಿರು ಬಿಡುವವರಿಗಲ್ಲ. ಒಗ್ಗರಣೆ ಮಿರ್ಚಿ ಓಟ ಮುಗಿದ ಮೇಲೆ, ಲೆಕ್ಕವಿಲ್ಲದೆ. ಆರೇಳು ಗಂಟೆಯ ನಂತರ ಸಿಹಿ ಕಂಡರೆ ವಾಕರಿಕೆ ಬರುತ್ತದೆ, ಅದಕ್ಕೆ ಉಪ್ಪು ಸವರಿದ ಆಲೂಗಡ್ಡೆ, ಮಂಡಕ್ಕಿ, ಮೆತ್ತಗಿನ ಮೊಸರನ್ನದ ಬುತ್ತಿ ಇಟ್ಟುಕೋ. ಇಂಗ್ಲೆಂಡಿನ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದಾಗ ತಿಂದದ್ದು ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ, ಹಣ್ಣು, ಮಿಠಾಯಿ. ಅವರ ಮನೆಯಲ್ಲಿ ಸಿಗುವುದನ್ನು ಅವರು ತಿಂದರು.

ಇಷ್ಟಾದರೂ ವಾಂತಿಯಾದರೆ ಗಾಬರಿಯಾಗಬೇಡ. 15–20 ನಿಮಿಷ ನಿಧಾನವಾಗಿ ನಡೆ, ಗುಟುಕು ಗುಟುಕಾಗಿ ನೀರು, ಆಮೇಲೆ ಬೆಲ್ಲದ ಚೂರನ್ನು ಚೀಪು. ವೇಗ ಇಳಿದರೆ ಕರುಳಿಗೆ ರಕ್ತ ಮರಳುತ್ತದೆ. ಮತ್ತೆ ಮತ್ತೆ ಆಗುತ್ತಿದ್ದರೆ ಅಲ್ಲಿನ ವೈದ್ಯರಿಗೆ ತೋರಿಸು.

ಕಾಲಿನಂತೆ ಹೊಟ್ಟೆಗೂ ಅಭ್ಯಾಸ ಬೇಕು. ನನ್ನ ಹುಡುಗರನ್ನು ಅಂಜನಾದ್ರಿಯ 575 ಮೆಟ್ಟಿಲು ಹತ್ತಿಸಿ ಇಳಿಸುವಾಗ ಪ್ರತಿ ಸುತ್ತಿಗೂ ಒಂದು ತುತ್ತು ಕಡ್ಡಾಯ. ಮೆಟ್ಟಿಲಿಗೆ ಅರ್ಧ ಅಡಿ ಹಿಡಿದರೂ ಹತ್ತು ಸುತ್ತಿಗೆ 2,800 ಅಡಿ ದಾಟುತ್ತದೆ. ಓಟದ ದಿನ ತಿನ್ನುವುದನ್ನೇ ಅಲ್ಲಿ ತಿನ್ನಬೇಕು. ಶನಿವಾರ ಮಾತ್ರ ಬೇಡ, ಭಕ್ತರ ಸಾಲಿಗೆ ಅಡ್ಡಿ. ಮಂಗಗಳಿಗೆ ವಾರದ ಲೆಕ್ಕವಿಲ್ಲ, ಬಾಳೆಹಣ್ಣು ಚೀಲದ ಒಳಗಿರಲಿ.

ಪ್ರಶ್ನೆ: ನಾನು ನರ್ಸ್. ಎರಡು ರಾತ್ರಿ ದಾಟುವ 100 ಮೈಲಿಯ ಬೆಟ್ಟದ ಓಟಕ್ಕೆ ಗೆಳತಿಯೊಂದಿಗೆ ಹೊರಟಿದ್ದೇನೆ. ಅವಳು ನಿದ್ದೆಯೇ ಬೇಡ ಎನ್ನುತ್ತಾಳೆ. ಎಷ್ಟು, ಯಾವಾಗ ಮಲಗಬೇಕು?
— ಓದುಗರು, ರಾಯಚೂರು

ಉತ್ತರ: ತಾಯಿ, ರಾತ್ರಿ ಪಾಳಿಯಲ್ಲಿ ಬೆಳಗಿನ ಜಾವ 3ರಿಂದ 5ರವರೆಗೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಬೆಟ್ಟದಲ್ಲಿ ಆಗುವುದೂ ಅದೇ, ಪಕ್ಕದಲ್ಲಿ ಕಂದಕ ಇರುತ್ತದೆ ಅಷ್ಟೆ. ಮೊದಲ ರಾತ್ರಿಯನ್ನು ಹೆಚ್ಚಿನವರು ನಿದ್ದೆಯಿಲ್ಲದೆ ಕಳೆಯಬಲ್ಲರು. ಆಲ್ಪ್ಸ್ ಪರ್ವತದ ಯುಟಿಎಂಬಿ ಓಟ 170 ಕಿ.ಮೀ.ಗೂ ಹೆಚ್ಚು, ಸುಮಾರು 10,000 ಮೀಟರ್ ಏರು, ಕಾಲಮಿತಿ 46 ಗಂಟೆ 30 ನಿಮಿಷ. ಅದನ್ನು ಕಣ್ಣು ಮುಚ್ಚದೆ ಅಥವಾ ಕೆಲವೇ ನಿಮಿಷ ಮಲಗಿ ಮುಗಿಸುವವರಿದ್ದಾರೆ. ನಿಮ್ಮ ಗೆಳತಿ ಅವರನ್ನು ನೋಡಿ ಹೇಳುತ್ತಿರಬಹುದು. ಎರಡನೆಯ ರಾತ್ರಿಯಲ್ಲಿ ನಾನು ಅವರ ಮಾತು ಕೇಳುವುದಿಲ್ಲ.

2019ರ ಜನವರಿಯಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬ ಪಶುವೈದ್ಯೆ ಬ್ರಿಟನ್ನಿನ ಸ್ಪೈನ್ ರೇಸಿನ 268 ಮೈಲಿಯನ್ನು 83 ಗಂಟೆ 12 ನಿಮಿಷದಲ್ಲಿ ಮುಗಿಸಿ ಗಂಡಸರನ್ನೂ ಹಿಂದೆ ಹಾಕಿದರು. ಮನೆಯಲ್ಲಿ 14 ತಿಂಗಳ ಮಗು, ನಿಲ್ದಾಣಗಳಲ್ಲಿ ನಿಂತು ಎದೆಹಾಲು ಹಿಂಡಿ ಇಡುತ್ತಿದ್ದರು. ಇಡೀ ದಾರಿಯಲ್ಲಿ ಮಲಗಿದ್ದು ಸುಮಾರು 3 ಗಂಟೆ. ಕೊನೆಯಲ್ಲಿ ಬಂಡೆಗಳಿಂದ ಪ್ರಾಣಿಗಳು ಎದ್ದು ಬರುವಂತೆ ಕಂಡವೆಂದು ಅವರೇ ಹೇಳಿದ್ದಾರೆ. ನನಗೆ ನಲ್ಲಮಲದಲ್ಲಿ ನಮ್ಮ ಮುಖ್ಯೋಪಾಧ್ಯಾಯರು ಮರದ ಕೆಳಗೆ ಕುಳಿತಂತೆ ಕಂಡು, ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದ್ದೆ. ಅದು ಹುತ್ತ.

ಮಲಗುವುದಾದರೆ 15–20 ನಿಮಿಷ, ಇಲ್ಲವೇ 90 ನಿಮಿಷ. ನಡುವಿನ 45 ನಿಮಿಷ ಬೇಡ. ಗಾಢ ನಿದ್ದೆಯ ಮಧ್ಯದಿಂದ ಎಬ್ಬಿಸಿದರೆ ಅರ್ಧ ಗಂಟೆ ಮಂಪರಿನಲ್ಲೇ ತೂಗಾಡುತ್ತೀರಿ. ನಿಮ್ಮ ಓಟಕ್ಕೆ ಚಿಕ್ಕ ನಿದ್ದೆಗಳೇ ಸರಿ, ಎರಡನೆಯ ರಾತ್ರಿ ಕತ್ತಲಾದ ಮೇಲೆ ಒಂದು, ಜಾವಕ್ಕೆ ಮುಂಚೆ ಬೇಕಾದರೆ ಇನ್ನೊಂದು. ಯಾವ ನಿಲ್ದಾಣದಲ್ಲಿ ಎಂದು ಈಗಲೇ ಗುರುತು ಹಾಕಿ. ಅಲ್ಲಿ ಹೋಗಿ ಯೋಚಿಸಿದರೆ ಮೊಣಕಾಲು ಯೋಚಿಸುತ್ತದೆ, ನೀವಲ್ಲ. ನಿಂತ ಕೂಡಲೇ ಬೆವರಿನ ಬಟ್ಟೆ ತಣ್ಣಗಾಗುತ್ತದೆ, ಆದ್ದರಿಂದ ಮೊದಲು ಬೆಚ್ಚನೆಯ ಅಂಗಿ. ಆಮೇಲೆ ನೀರು ತುಂಬಿಸಿಕೊಳ್ಳುವುದು, ಬಿಸಿಯಾದದ್ದನ್ನು ತಿನ್ನುವುದು, ಪಾದ ನೋಡಿಕೊಳ್ಳುವುದು. ಕೊನೆಗೆ ಒಂದು ಲೋಟ ಕಾಫಿ ಕುಡಿದು ತಕ್ಷಣ ಕಾಲು ಮೇಲೆತ್ತಿ ಮಲಗಿ. ತಮಾಷೆಯಲ್ಲ, ಕೆಫೀನ್ ಕೆಲಸ ಶುರುಮಾಡಲು 20–30 ನಿಮಿಷ ಬೇಕು, ಅಷ್ಟರಲ್ಲಿ ನಿದ್ದೆ ಮುಗಿದಿರುತ್ತದೆ. ಹೊಟ್ಟೆಯೂ ಆ ಹೊತ್ತಿನಲ್ಲೇ ಅರಗಿಸಿಕೊಳ್ಳುತ್ತದೆ. ಎರಡು ಅಲಾರಂ ಇಡಿ, ಒಂದು ಗೆಳತಿಯ ಮೊಬೈಲಿನಲ್ಲಿ. ದಾರಿಯಲ್ಲೇ ಹೆಜ್ಜೆ ಓಲಾಡತೊಡಗಿದರೆ ಮುಂದಿನ ನಿಲ್ದಾಣದವರೆಗೆ ಎಳೆಯಬೇಡಿ, ಗಾಳಿಗೆ ಮರೆಯಾದ ಜಾಗದಲ್ಲಿ ಹತ್ತು ನಿಮಿಷ ಒರಗಿ. ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರ.

ಎಲ್ಲಕ್ಕಿಂತ ಮುಖ್ಯ, ಹಿಂದಿನ ವಾರದ ರಾತ್ರಿ ಪಾಳಿಗಳನ್ನು ಯಾರಿಗಾದರೂ ಬದಲಿಸಿಕೊಡಿ. ಮುಂಚಿತವಾಗಿ ಹೆಚ್ಚು ಮಲಗಿ ಹೋದವರು ಆಮೇಲೆ ಕಡಿಮೆ ನಿದ್ದೆಯನ್ನು ತಡೆದುಕೊಳ್ಳುತ್ತಾರೆ.

ಪ್ರಶ್ನೆ: 58 ವರ್ಷದ ರೈತ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತೇನೆ. ಈ ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ಹರಕೆ ಇದೆ. ಅರ್ಧ ಗಂಟೆಗೊಂದು ಬಾಟಲಿ ನೀರು ಕುಡಿಯಲೇಬೇಕು ಎಂದು ಮಗಳು ಹೇಳುತ್ತಾಳೆ. ಹೌದೇ?
— ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಅಣ್ಣಾ, ಮಗಳ ಪ್ರೀತಿ ದೊಡ್ಡದು, ಬಾಟಲಿಯೂ ದೊಡ್ಡದು. ಬಾಯಾರಿದಷ್ಟು ಕುಡಿಯಿರಿ. ಬರೀ ನೀರನ್ನು ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿನ ಸೋಡಿಯಂ ಕುಸಿಯುತ್ತದೆ. ಬೆರಳು ಊದಿ ಉಂಗುರ ಬಿಗಿಯುತ್ತದೆ, ತಲೆನೋವು, ವಾಕರಿಕೆ, ಮಾತು ತೊದಲುವುದು. ಸುತ್ತಲಿನವರು ಅದನ್ನು ಬಿಸಿಲಿನ ಬಳಲಿಕೆ ಎಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ. ಅದು ಅಪಾಯ, ವೈದ್ಯರ ಬಳಿ ಕರೆದೊಯ್ಯಬೇಕು. ವಾಂತಿ ಭೇದಿಯಾದರೆ ಓಆರ್‌ಎಸ್ ಪುಡಿ ಜೊತೆಗಿರಲಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು, ಚಹಾ ಚಮಚದ ಅಳತೆ.

ನಿಮ್ಮ ಮಾತ್ರೆಯ ವಿಷಯದಲ್ಲಿ ಮಾತ್ರ ಸೀಟಿ ಊದುವವನನ್ನು ಕೇಳಬೇಡಿ. ಕೆಲವು ಮಾತ್ರೆ ನುಂಗಿ ದಿನವಿಡೀ ನಡೆದರೆ ಸಕ್ಕರೆ ಅಂಶ ತೀರಾ ಇಳಿಯುತ್ತದೆ. ಹೊರಡುವ ಮೊದಲೇ ವೈದ್ಯರಿಂದ ಪ್ರಮಾಣ ಬರೆಸಿಕೊಳ್ಳಿ, ಜೇಬಿನಲ್ಲಿ ಸಕ್ಕರೆ ಇರಲಿ. ಬರಿಗಾಲಿನ ಹರಕೆ ಬೇಡ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಗಾಯವಾದದ್ದು ತಿಳಿಯದೇ ಇರಬಹುದು, ಪ್ರತಿ ರಾತ್ರಿ ದೀಪ ಹಿಡಿದು ನೋಡಿಕೊಳ್ಳಿ. ನಡಿಗೆ ನಸುಕಿನಲ್ಲಿ ಮತ್ತು ಸಂಜೆ, ನಡುಹಗಲು ನೆರಳು. ಹಿರಿಯರು ಹೀಗೆಯೇ ನಡೆದಿದ್ದಾರೆ. ದಾಸೋಹದಲ್ಲಿ ಬೇಡ ಎನ್ನಲಾಗದು, ಗವಿಮಠದ ಜಾತ್ರೆಯಲ್ಲಿ ರೊಟ್ಟಿ, ಮಾದಲಿ ಉಂಡು ಬೆಳೆದ ಕೊಪ್ಪಳ ಸೀಮೆಯವರಿಗಂತೂ ಅದು ಕಷ್ಟ. ಅರ್ಧ ಉಂಡು ಉಳಿದರ್ಧ ಕಟ್ಟಿಸಿಕೊಳ್ಳಿ.

ಪ್ರಶ್ನೆ: ಓಟದ ನಡುವೆ ನೋವಿನ ಮಾತ್ರೆ ನುಂಗಬಹುದೇ?
— ಓದುಗ, ಸಂಡೂರು

ಉತ್ತರ: ಬೇಡ. ಐಬುಪ್ರೊಫೆನ್ ಜಾತಿಯವು ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಪ್ರಶ್ನೆ: ಮಗ ಬೆಟ್ಟದ ಓಟಕ್ಕೆ ಹೋಗುತ್ತಾನೆ. ಹೊಲದ ಬುತ್ತಿ ಒಯ್ಯಲು ಕಾಲು ನೋವು, ಅಲ್ಲಿ ಮಾತ್ರ ರಾತ್ರಿಯೆಲ್ಲ ಓಡುತ್ತಾನೆ! ಈ ಸಲ ನಾನೂ ಹೋಗಿ ದಾರಿಯಲ್ಲಿ ನಿಲ್ಲಬೇಕಂತೆ. ನಾನು ಅಲ್ಲಿ ಏನು ಮಾಡಲಿ?
— ಒಬ್ಬ ತಾಯಿ, ಮಸ್ಕಿ

ಉತ್ತರ: ಅಕ್ಕಾ, ನೀವು ಹೋಗುವುದೇ ಅವನಿಗೆ ಅರ್ಧ ಬಲ. ಬಿಸಿ ಅನ್ನದ ಗಂಜಿಗೆ ಉಪ್ಪು ಹಾಕಿ ಥರ್ಮಸ್ಸಿನಲ್ಲಿ ಒಯ್ಯಿರಿ. ಒಣ ಕಾಲುಚೀಲ, ಬೆಚ್ಚನೆಯ ಅಂಗಿ, ಟಾರ್ಚಿಗೆ ಬ್ಯಾಟರಿ ಒಂದೇ ಚೀಲದಲ್ಲಿರಲಿ. ಅವನು ಬಂದಾಗ "ಏನು ತಿನ್ನುತ್ತೀಯಪ್ಪಾ?" ಎಂದು ಕೇಳಬೇಡಿ, ಏನೂ ಬೇಡ ಎನ್ನುತ್ತಾನೆ. ಕೇಳದೆ ಕೈಗೆ ಕೊಡಿ. ಮುಖ ಬಾಡಿದ್ದರೂ "ಅಯ್ಯೋ ನನ್ನ ಕಂದ" ಎನ್ನಬೇಡಿ, ಆ ಮಾತಿಗೆ ಅವನ ಕಾಲು ಅಲ್ಲೇ ನಿಲ್ಲುತ್ತದೆ. ಹತ್ತು ನಿಮಿಷ ಎಂದು ಬಂದವನು ನಲವತ್ತು ನಿಮಿಷ ಕೂರುವುದು ಒಂದು ಕುರ್ಚಿ ಕಂಡದ್ದರಿಂದ. ಮಡಚುವ ಕುರ್ಚಿಯೊಂದನ್ನು ತಪ್ಪದೆ ಒಯ್ಯಿರಿ ಅಕ್ಕಾ. ಅವನು ಬರುವಾಗ ಅದರಲ್ಲಿ ನೀವೇ ಕುಳಿತಿರಿ.