ಓಮ್ನಿ: ಹೊಸ ಹೆಡ್ ಗ್ಯಾಸ್ಕೆಟ್ ಮತ್ತೆ ಹೋಗಿದ್ದರೆ

ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್ ಬದಲಿಸಿದ ತಿಂಗಳಲ್ಲೇ ಮತ್ತೆ ಕೂಲೆಂಟ್ ಇಳಿದು ಬಿಳಿ ಹೊಗೆ ಬರ್ತಿದೆ ಅಂದರೆ, ಹೆಡ್ಡೇ ಬೆಂಡಾಗಿರುವ ಸಾಧ್ಯತೆ ಜಾಸ್ತಿ. ಅದು ಅಲ್ಯೂಮಿನಿಯಂ ಅಲ್ವಾ, ಒಮ್ಮೆ ಓವರ್‌ಹೀಟ್ ಆದರೆ ಸಾಕು.

ಜಾಗ ಇಲ್ಲ ಅಂತ ಎಂಜಿನ್ ಇಳಿಸಬೇಡಿ. ಮುಂದಿನ ಸೀಟು ಎತ್ತಿ, ಏರ್ ಕ್ಲೀನರ್, ಕಾರ್ಬುರೇಟರ್ (ಇದ್ದರೆ) ತೆಗೆದರೆ ಕೈ ಆಡುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಲಿ. ಕೂಲೆಂಟ್ ಇಳಿಸಿ, ಪುಲ್ಲಿಗಳ ಮೇಲಿನ ಟೈಮಿಂಗ್ ಮಾರ್ಕ್ ಕೂಡಿಸಿಕೊಂಡು ಆಮೇಲೆ ಟೈಮಿಂಗ್ ಬೆಲ್ಟ್ ಬಿಚ್ಚಿ.

ಹೆಡ್ ಕೆಳಗಿಳಿದ ಮೇಲೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು, ಅದರಡಿ 0.05 ಮಿ.ಮೀ. ಫೀಲರ್ (ಅಳತೆಯ ತೆಳು ತಗಡು) ತೂರಿಸಿ ನೋಡಿ. ತೂರಿದರೆ ಲೇತಿನವರ ಹತ್ತಿರ ಫೇಸಿಂಗ್ ಮಾಡಿಸಿ, ಅಂದರೆ ಮುಖ ಸಮ ಮಾಡಿಸಿ. ತೂರದಿದ್ದರೆ ಬಿರುಕಿರಬಹುದು, ಪ್ರೆಷರ್ ಟೆಸ್ಟ್ ಮಾಡಿಸದೆ ಹೇಳಲಾಗದು.

ಹೆಡ್ ಮತ್ತೆ ಕೂರಿಸುವ ಮುನ್ನ ಬೋಲ್ಟ್ ತೂತುಗಳಲ್ಲಿ ನಿಂತ ಎಣ್ಣೆ, ನೀರು ಒರೆಸಿ. ಸುಮ್ನೆ ಬಿಟ್ಟರೆ ಟಾರ್ಕ್ (ಬಿಗಿತದ ಅಳತೆ) ತಪ್ಪು ತೋರಿಸುತ್ತದೆ. ಬೋಲ್ಟ್ ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಲ್ಲೇ.