ಸೆಪಿಲೋಕ್‌ನಲ್ಲಿ ಒರಾಂಗುಟಾನ್ ಕಾಣದಿದ್ದರೆ

ಸೆಪಿಲೋಕ್ ಮಲೇಷ್ಯಾದ ಸಬಾದಲ್ಲಿ, ಸಂಡಾಕನ್ ಪಟ್ಟಣದ ಹತ್ತಿರ ಇರುವ ಒರಾಂಗುಟಾನ್ ಪುನರ್ವಸತಿ ಕೇಂದ್ರ. ಅಲ್ಲಿ ಬೆಳಗ್ಗೆ 10ಕ್ಕೆ ಹಣ್ಣು ಇಡುವ ಹೊತ್ತಲ್ಲಿ ಕಾದರೂ ಅಟ್ಟಣಿಗೆಗೆ ಒಂದೂ ಬರಲಿಲ್ಲ, ಇನ್ನೆರಡು ರಾತ್ರಿ ಉಳಿದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬಹುಶಃ ಕಾಡಲ್ಲೇ ಹಣ್ಣು ಬಿಟ್ಟಿರಬೇಕು. ಹೊಟ್ಟೆ ತುಂಬಿದ್ದರೆ ಅವು ಈ ಕಡೆ ತಲೆ ಹಾಕುವುದು ಕಡಿಮೆ.

ಮೊದಲು ಅದೇ ದಿನ ಮಧ್ಯಾಹ್ನ 3ರ ಸರದಿಗೂ ನಿಲ್ಲಿ. ನಡುವೆ ಮರಿಗಳ ವಿಭಾಗವನ್ನು ಗಾಜಿನಾಚೆಯಿಂದ ನೋಡಬಹುದು. ಆಗಲೂ ಕಾಣದಿದ್ದರೆ ಮತ್ತೊಂದು ದಿನ ಅಲ್ಲೇ ಕಳೆಯಬೇಡಿ. ಉಳಿದ ಎರಡು ರಾತ್ರಿಯನ್ನು ಕಿನಬತಂಗನ್ ನದಿ ದಡದ ಸುಕಾವ್ ಹಳ್ಳಿಗೆ ಇಡಿ, ಅಲ್ಲಿ ಕಾಡಿನ ಒರಾಂಗುಟಾನ್‌ಗಳನ್ನು ದೋಣಿಯಿಂದ ಹುಡುಕಬಹುದು; ಸಂಡಾಕನ್‌ನಿಂದ ರಸ್ತೆಯಲ್ಲೇ ಹೋಗಬಹುದು. ಒಂದೇ ರಾತ್ರಿ ಸಾಲದು, ಮಳೆ ಬಂದರೆ ಒಂದು ದೋಣಿ ಸುತ್ತು ಹಾಗೇ ಹೋಗುತ್ತದೆ.

ಮುಂಜಾನೆಯ ದೋಣಿ ತಪ್ಪಿಸಬೇಡಿ. ಮೆನಂಗುಲ್ ಉಪನದಿಗೆ ಹೋಗೋಣ ಅಂತ ದೋಣಿಯವರಿಗೆ ಹೇಳಿ, ಹಣ್ಣು ಬಿಟ್ಟ ಅತ್ತಿ ಜಾತಿಯ ಮರಗಳ ಹತ್ತಿರ ಎಂಜಿನ್ ನಿಲ್ಲಿಸಲು ಕೇಳಿ. ಗೂಡು ಹುಡುಕಿ: ಒರಾಂಗುಟಾನ್ ಸಾಮಾನ್ಯವಾಗಿ ದಿನಾ ಸಂಜೆ ರೆಂಬೆ ಬಾಗಿಸಿ ಹೊಸ ಗೂಡು ಕಟ್ಟುತ್ತದೆ. ಎಲೆ ಒಣಗಿ ಕಂದಾಗಿದ್ದರೆ ಹಳೆಯದು, ಹಸಿರಿದ್ದರೆ ಪ್ರಾಣಿ ಹತ್ತಿರದಲ್ಲೇ ಇರಬಹುದು. ಖಾತರಿ ಯಾರೂ ಕೊಡಲ್ಲ, ಕೊಟ್ಟರೆ ನಂಬಬೇಡಿ. ಉದ್ದಮೂಗಿನ ಪ್ರೊಬೊಸಿಸ್ ಕೋತಿಗಳು ಮಾತ್ರ ಸಂಜೆ ದಡದ ಮರಗಳಿಗೇ ಮಲಗಲು ಬರುವುದರಿಂದ ತಪ್ಪಿಹೋಗುವುದು ಅಪರೂಪ.

ದುರ್ಬೀನು 8x42 (8 ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. ಸುಕಾವ್‌ನ ಲಾಡ್ಜಿಗೆ ಇವತ್ತೇ ಫೋನ್ ಮಾಡಿ, ಬೆಳಗಿನ ದೋಣಿ ಬಾಡಿಗೆಯಲ್ಲಿ ಸೇರಿದೆಯೇ ಕೇಳಿಕೊಳ್ಳಿ.