ಹೇಳದೆ ಮಾರಿದ ಎತ್ತುಗಳು: ಮೊದಲ ಸೆಮಿಸ್ಟರಿನ ಒಂದು ಆಪ್ತಸಲಹೆ ಪ್ರಕರಣ

ಬೆಂಗಳೂರಿನ ಹೊರವಲಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ವಾರಕ್ಕೆ ಎರಡು ದಿನ ಆಪ್ತಸಲಹೆಗಾರ್ತಿಯಾಗಿ ಕೆಲಸ ಮಾಡುತ್ತೇನೆ. ಇದು ಅಲ್ಲಿ ಮೊದಲ ಸೆಮಿಸ್ಟರಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿಯ ಮತ್ತು ಅವಳ ತಂದೆತಾಯಿಯ ಪ್ರಕರಣ. ಮೂವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಸುಮಾ ಎಂದು ಕರೆಯೋಣ. ಮಕ್ಕಳನ್ನು ಮೊದಲ ಬಾರಿಗೆ ದೂರದ ಊರಿಗೆ ಓದಲು ಕಳುಹಿಸಿದ ಮನೆಗಳಿಗೆ ಇದು ತಲುಪಲಿ ಎಂದು ಕೇಳಿಕೊಂಡವರು ಅವಳ ತಂದೆಯೇ.

ಸುಮಾಳದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಮನೆಯಲ್ಲಿ ಗೋವಿನಜೋಳ, ಹತ್ತಿ, ಸ್ವಲ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ತಾಲ್ಲೂಕು ಕೇಂದ್ರದಲ್ಲಿ ಪಿಯುಸಿ ವಿಜ್ಞಾನ ಮುಗಿಸಿ, ಸಿಇಟಿಯಲ್ಲಿ ಸೀಟು ಪಡೆದು ಬಂದವಳು. ಆ ಮನೆತನದಲ್ಲಿ ಕಾಲೇಜಿನ ಹಾಸ್ಟೆಲ್ ಕಂಡವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಅವಳ ತಂದೆತಾಯಿ ಮುಂಚಿತವಾಗಿ ತಿಳಿಸದೆ ರಾತ್ರಿ ಬಸ್ಸಿನಲ್ಲಿ ಬಂದು ಹಾಸ್ಟೆಲ್ ಗೇಟಿನ ಮುಂದೆ ನಿಂತಿದ್ದರು. ಕಾಲೇಜಿನಿಂದ ತಂದೆಯ ಮೊಬೈಲಿಗೆ ಗೈರುಹಾಜರಿಯ ಸಂದೇಶಗಳು ಬರುತ್ತಿದ್ದವು. ಇಂಗ್ಲಿಷಿನಲ್ಲಿದ್ದ ಅವನ್ನು ಓದಿ ಹೇಳುತ್ತಿದ್ದವನು ಪಕ್ಕದ ಮನೆಯ ಹುಡುಗ. ಒಂದೇ ವಾರದಲ್ಲಿ ನಾಲ್ಕು ಸಂದೇಶ ಬಂದಾಗ, ಮಗಳು ಎರಡು ದಿನದಿಂದ ಫೋನ್ ಎತ್ತದೆ ಇದ್ದಾಗ, ಗೋವಿನಜೋಳದ ಕಟಾವನ್ನು ಅರ್ಧಕ್ಕೆ ಬಿಟ್ಟು ಇಬ್ಬರೂ ಹೊರಟಿದ್ದರು. ತಾಯಿಯ ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿಗಳೂ ಡಬ್ಬಿಯಲ್ಲಿ ಶೇಂಗಾ ಚಟ್ನಿಯೂ ಇದ್ದವು. ಮಗಳು ಕೆಳಗಿಳಿದು ಬರಲು ಒಪ್ಪಲಿಲ್ಲ. ಒಂದು ಗಂಟೆ ಕಾದ ಮೇಲೆ ವಾರ್ಡನ್ ಅವರನ್ನು ನನ್ನ ಕೊಠಡಿಗೆ ಕರೆತಂದರು.

ತಂದೆಯ ಮೊದಲ ಪ್ರಶ್ನೆ, ಮಗಳು ಯಾರದಾದರೂ ಸಹವಾಸಕ್ಕೆ ಬಿದ್ದಿದ್ದಾಳೆಯೇ ಎಂಬುದು. ಇಂಥ ಸಂದರ್ಭದಲ್ಲಿ ಬಹುಪಾಲು ತಂದೆಯರು ಕೇಳುವುದು ಇದನ್ನೇ, ಮತ್ತು ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 18 ವರ್ಷ ತುಂಬಿದ ಮಗಳು ನನ್ನೊಂದಿಗೆ ಆಡುವ ಮಾತನ್ನು ಅವಳ ಒಪ್ಪಿಗೆಯಿಲ್ಲದೆ ಮನೆಯವರಿಗೂ ಹೇಳಲಾರೆ, ಜೀವಕ್ಕೆ ಅಪಾಯವಿದೆ ಎಂದು ಕಂಡರೆ ಮಾತ್ರ ಆ ಕಟ್ಟನ್ನು ಮೀರುತ್ತೇನೆ ಎಂದು ಮೊದಲೇ ತಿಳಿಸಿದೆ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತ್ರಿ, ಅಕಿ ಸುರಕ್ಷಿತ ಅದಾಳೋ ಇಲ್ಲೋ ಅಷ್ಟು ಹೇಳ್ರಿ ಸಾಕು" ಎಂದರು.

ಮಧ್ಯಾಹ್ನ ಸುಮಾ ಒಬ್ಬಳೇ ಬಂದಳು. ನಿದ್ದೆ, ಊಟ, ಸ್ನೇಹಿತೆಯರು, ಹಿರಿಯ ವಿದ್ಯಾರ್ಥಿಗಳ ಕಾಟ ಇವನ್ನೆಲ್ಲ ಒಂದೊಂದಾಗಿ ಕೇಳಿದೆ. ಸಾಯಬೇಕೆನ್ನುವ ಯೋಚನೆ ಬಂದಿದೆಯೇ ಎಂದೂ ನೇರವಾಗಿಯೇ ಕೇಳಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಅದು ತಪ್ಪು. ಕೇಳಿದಾಗ ಮಕ್ಕಳಿಗೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಸುಮಾಳಿಗೆ ಅಂಥ ಯೋಚನೆ ಇರಲಿಲ್ಲ, ರ‍್ಯಾಗಿಂಗ್ ನಡೆದಿರಲಿಲ್ಲ, ತಂದೆ ಅಂಜಿದಂಥ ಸಹವಾಸವೂ ಇರಲಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮಲಗುತ್ತಿದ್ದಳು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಸಿ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮಿಂಗ್ ತರಗತಿಯಲ್ಲಿ ಒಮ್ಮೆ ಎದ್ದು ನಿಂತು ಉತ್ತರ ಹೇಳಲಾಗದೆ ಕುಳಿತ ಮೇಲೆ ಆ ತರಗತಿಗೆ ಹೋಗುವುದನ್ನು ನಿಲ್ಲಿಸಿದಳು, ಆಮೇಲೆ ಗಣಿತಕ್ಕೂ ಹೋಗಲಿಲ್ಲ. ಸೆಮಿಸ್ಟರಿನ ನಡುವೆ ಕಾಲೇಜೇ ನಡೆಸುವ ಪರೀಕ್ಷೆಗಳಾದ ಇಂಟರ್ನಲ್ಸ್‌ನಲ್ಲಿ ಮೊದಲನೆಯದರಲ್ಲೇ ಎರಡೂ ವಿಷಯಗಳಲ್ಲಿ ಅಂಕ ತೀರ ಕಡಿಮೆ. ಮನೆಗೆ ಮಾತ್ರ "ಚಲೋ ಆಗೇತಿ" ಎಂದು ಹೇಳಿದ್ದಳು.

ಇಷ್ಟಾಗಿದ್ದರೆ ಇದು ನಾನು ಪ್ರತಿವರ್ಷ ಕಾಣುವ ಹತ್ತಾರು ಪ್ರಕರಣಗಳಲ್ಲಿ ಒಂದಾಗುತ್ತಿತ್ತು. ಸುಳ್ಳು ಏಕೆ ಹೇಳಿದೆ ಎಂದು ಕೇಳಿದಾಗ ಅವಳು ಹೇಳಿದ್ದು ಎತ್ತುಗಳ ಸಂಗತಿ.

ಮನೆಯಲ್ಲಿ ಒಂದು ಜೋಡಿ ಎತ್ತುಗಳಿದ್ದವು. ಕರುಗಳಾಗಿದ್ದಾಗಿನಿಂದ ಅವಳೇ ಮೇವು ಹಾಕಿ ಬೆಳೆಸಿದ್ದವು. ಹಾಸ್ಟೆಲಿಗೆ ಬಂದ ಮೇಲೂ ಫೋನಿನಲ್ಲಿ ಅವುಗಳನ್ನು ವಿಚಾರಿಸುತ್ತಿದ್ದಳು, ತಾಯಿ "ಆರಾಮ ಅದಾವವ್ವಾ" ಎನ್ನುತ್ತಿದ್ದರು. ದೀಪಾವಳಿಗೆ ಊರಿಗೆ ಹೋದಾಗ ಗ್ವಾದಲಿ, ಎಂದರೆ ಎತ್ತುಗಳಿಗೆ ಮೇವು ಹಾಕುವ ಜಾಗ, ಬರಿದಾಗಿತ್ತು. ಪಾಡ್ಯದ ದಿನ ಪೂಜೆಗೆ ಸಗಣಿಯ ಪಾಂಡವರ ಗೊಂಬೆಗಳನ್ನು ಮಾಡಲು ಬೇಕಾದ ಸಗಣಿಯನ್ನು ಪಕ್ಕದ ಮನೆಯಿಂದ ತಂದಿದ್ದರು. ಕೇಳಿದರೆ, ವಯಸ್ಸಾಗಿದ್ದವು, ಕೊಟ್ಟೆವು ಎಂದು ತಂದೆ ಮಾತು ಮುಗಿಸಿದರು. ಅವಳು ಕಾಲೇಜು ಸೇರಿದ ಎರಡನೆಯ ವಾರದಲ್ಲೇ, ಹಾಸ್ಟೆಲಿನ ಬಾಕಿ ಹಣಕ್ಕಾಗಿ ಅವನ್ನು ಮಾರಿದ್ದರೆಂದು ಅದೇ ಸಂಜೆ ಓಣಿಯ ಹೆಂಗಸೊಬ್ಬರ ಬಾಯಿಂದ ತಿಳಿಯಿತು. ಬೆಂಗಳೂರಿಗೆ ಮರಳಿದ ಮೇಲೆ ಅವಳು ಹೆಚ್ಚುಕಡಿಮೆ ತರಗತಿಗೇ ಹೋಗಲಿಲ್ಲ. "ಅಷ್ಟು ಕೊಟ್ಟು ಕಳಿಸಿದಾರ. ನಾ ಫೇಲ್ ಆಗೇನಿ ಅಂತ ಹೆಂಗ ಹೇಳ್ಲಿ ಮೇಡಂ?" ಎಂದು ಕೇಳಿದಳು.

ಅವಳ ಒಪ್ಪಿಗೆ ಪಡೆದು ಸಂಜೆ ಮೂವರನ್ನೂ ಒಟ್ಟಿಗೆ ಕೂರಿಸಿದೆ. ಎತ್ತಿನ ಮಾತು ಬಂದಾಗ ತಂದೆ ತಲೆ ತಗ್ಗಿಸಿ, "ಅಕಿಗೆ ಗೊತ್ತಾದ್ರ ಅಭ್ಯಾಸ ಕೆಡತೈತಿ ಅಂತ ಹೇಳಲಿಲ್ಲರಿ" ಎಂದರು. ಮಗಳು, "ನಿಮಗ ಗೊತ್ತಾದ್ರ ಜೀವಕ್ಕ ಹಚ್ಚಿಕೋತೀರಿ ಅಂತ ನಾನೂ ಹೇಳಲಿಲ್ಲ" ಎಂದಳು. ಮುಚ್ಚಿಟ್ಟ ಸಂಗತಿಗಳು ಬೇರೆಯಾದರೂ ಎರಡೂ ಕಡೆಯ ಕಾರಣ ಒಂದೇ ಆಗಿತ್ತು. ತಾಯಿ ಸುಮ್ಮನೆ ಡಬ್ಬಿಯ ಮುಚ್ಚಳ ತೆಗೆದು ರೊಟ್ಟಿಯ ಮೇಲೆ ಚಟ್ನಿ ಹಾಕಿ ಮಗಳ ಕೈಗಿತ್ತರು, ಅವಳು ಅಲ್ಲೇ ತಿಂದಳು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಹಣದ ಲೆಕ್ಕಕ್ಕೆ ಸಂಬಂಧಿಸಿದ್ದು. ಶುಲ್ಕ ಎಷ್ಟು, ಹಾಸ್ಟೆಲಿಗೆ ಎಷ್ಟು, ಕೈಯಲ್ಲಿ ಉಳಿದದ್ದೆಷ್ಟು, ಮುಂದಿನ ವರ್ಷಕ್ಕೆ ಎಲ್ಲಿಂದ ತರಬೇಕೆಂದಿದ್ದಾರೆ, ಎಲ್ಲವನ್ನೂ ಅಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಮಗಳ ಕೈಯಿಂದಲೇ ಬರೆಸಿದೆ. ಮನೆಯ ಬಡತನ ಮಕ್ಕಳಿಗೆ ತಿಳಿಯಬಾರದೆಂದು ತಂದೆತಾಯಿ ಬಯಸುವುದು ಪ್ರೀತಿಯಿಂದಲೇ. ಆದರೆ ಹದಿನೆಂಟರ ಮಕ್ಕಳಿಗೆ ಅದು ಹೇಗೂ ತಿಳಿದೇ ಇರುತ್ತದೆ. ಸರಿಯಾದ ಮೊತ್ತ ತಿಳಿಯದಿದ್ದಾಗ ಅವರು ತಮ್ಮ ಮನಸ್ಸಿನಲ್ಲೇ ಅದಕ್ಕಿಂತ ದೊಡ್ಡ ಮೊತ್ತವನ್ನು ಊಹಿಸಿಕೊಂಡು ಆ ಭಾರವನ್ನು ಹೊರುತ್ತಾರೆ. ಬರೆದು ಕೂಡಿಸಿದಾಗ ಸುಮಾ ಎಣಿಸಿದ್ದಕ್ಕಿಂತ ಸಾಲ ಕಡಿಮೆ ಇತ್ತು. ವಿದ್ಯಾರ್ಥಿವೇತನದ ಅರ್ಜಿಯನ್ನು ಅವಳು ಇನ್ನೂ ಹಾಕಿರಲಿಲ್ಲ ಎಂಬುದೂ ಆಗಲೇ ಗೊತ್ತಾಯಿತು. ಮರುದಿನವೇ ಕಾಲೇಜು ಕಚೇರಿಗೆ ಕಳುಹಿಸಿದೆ.

ಎರಡನೆಯದು ಫೋನಿನ ವಿಷಯ. ತಾಯಿ ದಿನಕ್ಕೆ ಐದಾರು ಬಾರಿ ಕರೆ ಮಾಡುತ್ತಿದ್ದರು. "ಉಂಡಿಯೇನವ್ವಾ?" ಎಂಬ ಪ್ರಶ್ನೆಯನ್ನು ಬಿಡಬೇಕೇ ಎಂದು ಅವರು ಅಳುಕಿನಿಂದ ಕೇಳಿದರು. ಬಿಡಬೇಡಿ ಎಂದೆ. ನಮ್ಮ ಮನೆಗಳಲ್ಲಿ ಅದು ಬರೀ ಪ್ರಶ್ನೆಯಲ್ಲ, ಮಾತಿಗೆ ಬಾಗಿಲು. ಮಕ್ಕಳು ಅದಕ್ಕೆ ಬೇಸರಪಟ್ಟಂತೆ ಕಂಡರೂ ಅದು ನಿಂತುಹೋದರೆ ಗಮನಿಸುತ್ತಾರೆ. ತೊಂದರೆ ಇದ್ದದ್ದು ಅದರ ಬೆನ್ನಿಗೇ ಬರುತ್ತಿದ್ದ ಪ್ರಶ್ನೆಗಳಲ್ಲಿ: ಕ್ಲಾಸಿಗೆ ಹೋದಿಯಾ, ಎಷ್ಟು ಮಾರ್ಕ್ಸ್ ಬಂತು, ರೂಮಿನಲ್ಲಿ ಯಾರಿದ್ದಾರೆ. ಉತ್ತರ ಕೊಡುವವಳಿಗೆ ಅದು ವಿಚಾರಣೆಯಂತೆ ಕೇಳಿಸುತ್ತದೆ, ವಿಚಾರಣೆಯಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ಆದ್ದರಿಂದ ಬುಧವಾರ ಮತ್ತು ಭಾನುವಾರ ರಾತ್ರಿ ಊಟದ ನಂತರ ದೀರ್ಘವಾಗಿ ಮಾತಾಡುವುದು, ಉಳಿದ ದಿನ ಮಗಳೇ ಒಂದು ಸಂದೇಶ ಕಳುಹಿಸುವುದು ಎಂದು ಮೂವರೂ ಸೇರಿ ಗೊತ್ತುಮಾಡಿಕೊಂಡರು. ಆ ಕರೆಯ ಮೊದಲ ಹತ್ತು ನಿಮಿಷ ಮನೆಯವರೇ ತಮ್ಮ ಸುದ್ದಿ ಹೇಳಬೇಕೆಂದು ನಾನು ಕೇಳಿಕೊಂಡೆ. ಅಜ್ಜಿಯ ಕಾಲುನೋವು, ಹತ್ತಿಯ ಧಾರಣೆ, ಬೋರ್‌ವೆಲ್ ಮೋಟಾರು ಸುಟ್ಟದ್ದು, ತಂದೆತಾಯಿ ತಮ್ಮೊಳಗೆ ಜಗಳವಾಡಿ ಮಾತುಬಿಟ್ಟದ್ದು, ಕೆಟ್ಟ ಸುದ್ದಿಯೂ ಸೇರಿ. ಮನೆಯಲ್ಲಿ ಸೋಲು ಮತ್ತು ಕಷ್ಟ ಹೇಳಿಕೊಳ್ಳಬಹುದಾದ ಸಂಗತಿಗಳೆಂದು ಮಕ್ಕಳು ಕಲಿಯುವುದು ಹಿರಿಯರು ಹೇಳಿಕೊಂಡಾಗಲೇ. ನನ್ನ ಮಗ ಮೊದಲ ವರ್ಷ ಹೊರಗಿದ್ದಾಗ ನನಗೂ ಈ ಮಾತು ಗೊತ್ತಿರಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಅವನು "ಹೂಂ" ಎನ್ನುತ್ತಿದ್ದನೇ ಹೊರತು, ನಾನು ನನ್ನ ದಿನವನ್ನು ಹೇಳತೊಡಗಿದ ಮೇಲೆಯೇ ತನ್ನದನ್ನು ಹೇಳಿದ್ದು.

ಹಾಜರಾತಿಯನ್ನು ಕೇಳಲೇಬಾರದೆಂದು ನಾನು ಹೇಳುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮದಂತೆ ಶೇ 85ರಷ್ಟು ಹಾಜರಾತಿ ಬೇಕು. ತಕ್ಕ ಕಾರಣವಿದ್ದರೆ ಶೇ 10ರವರೆಗೆ ವಿನಾಯಿತಿ ಸಿಗಬಹುದು. ಈಗಿನ ಪದ್ಧತಿಯಲ್ಲಿ ಇಂಟರ್ನಲ್ಸ್ ಮತ್ತು ಅಸೈನ್‌ಮೆಂಟ್ ಸೇರಿ 50ಕ್ಕೆ ಕನಿಷ್ಠ 20 ಅಂಕ ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರಲಾಗುವುದಿಲ್ಲ. ಇದನ್ನು ತಂದೆತಾಯಿಗೆ ಬಿಡಿಸಿ ಹೇಳಿದಾಗ ಅವರಿಗೆ ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಯಿತು. ಒಂದು ದಿನದ ಗೈರಿಗೆ ಬಾಳು ಮುಗಿಯುವುದಿಲ್ಲ ಎಂದೂ, ಎಲ್ಲಿಯವರೆಗೆ ತಡೆದುಕೊಳ್ಳಬಹುದು ಎಂದೂ ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ತಿಂಗಳಿಗೊಮ್ಮೆ ಮಗಳೇ ಹಾಜರಾತಿಯ ಪುಟವನ್ನು ತೋರಿಸಬೇಕು, ನಡುವೆ ಸಂದೇಶ ಬಂದರೆ ಸಂಜೆಯವರೆಗೆ ಕಾದು ಕೇಳಬೇಕು, ತಿಳಿಸದೆ ಹಾಸ್ಟೆಲಿಗೆ ಬರಬಾರದು ಎಂದು ಒಪ್ಪಂದವಾಯಿತು.

ಪ್ರವೇಶದ ಸಮಯದಲ್ಲಿ ತಂದೆ ಹಲವು ಕಾಗದಗಳಿಗೆ ಸಹಿ ಹಾಕಿದ್ದರು. ಅವುಗಳಲ್ಲಿ ರ‍್ಯಾಗಿಂಗ್ ವಿರುದ್ಧದ ಪ್ರಮಾಣಪತ್ರವೂ ಒಂದೆಂದು ಅವರಿಗೆ ತಿಳಿದಿರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿಯಂತೆ ವಿದ್ಯಾರ್ಥಿಯೂ ಪೋಷಕರೂ ಅದನ್ನು ಬರೆದುಕೊಡಬೇಕು. ದೂರು ಕೊಡಲು 1800-180-5522 ಎಂಬ ಉಚಿತ ಸಂಖ್ಯೆ ಇದೆ. ಸುಮಾಳಿಗೆ ಅದರ ಅಗತ್ಯ ಬೀಳಲಿಲ್ಲವಾದರೂ ತಂದೆಯ ಫೋನಿನಲ್ಲಿ ಅದನ್ನು ಉಳಿಸಿಕೊಟ್ಟೆ.

ಕಾಯದೆ ಕೂಡಲೇ ಹೊರಟು ಬರಬೇಕಾದ ಸಂದರ್ಭಗಳೂ ಇವೆ, ಅವನ್ನು ನಿಧಾನವಾಗಿ ಹೇಳಿದೆ. ಊಟ ನಿದ್ದೆ ಎರಡೂ ವಾರಗಟ್ಟಲೆ ಕೆಟ್ಟರೆ, ಸ್ನಾನ ಮಾಡದೆ ಕೋಣೆಯಲ್ಲೇ ಉಳಿದರೆ, ಪ್ರೀತಿಯ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡತೊಡಗಿದರೆ, ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು ಎಂಬಂಥ ಮಾತು ಒಮ್ಮೆಯಾದರೂ ಬಂದರೆ, ಪರೀಕ್ಷೆ ಕಟಾವು ಯಾವುದನ್ನೂ ನೋಡದೆ ಬರಬೇಕು. ಮೊದಲು ಒಂದು ಕರೆ ಮಾಡಿ, ಮಗು ಒಬ್ಬಳೇ ಇರದಂತೆ ವಾರ್ಡನ್‌ಗೋ ಸ್ನೇಹಿತೆಗೋ ಹೇಳಿ, ಆಮೇಲೆ ಬಸ್ಸು ಹತ್ತಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ವಿದ್ಯಾರ್ಥಿಗಳಷ್ಟೇ ಅಲ್ಲ, ದಾರಿ ಕಾಣದ ತಂದೆತಾಯಿಯೂ ಮಾಡಬಹುದು.

ಓದಿನ ಕಷ್ಟಕ್ಕೆ ಸುಮಾಳ ಒಪ್ಪಿಗೆಯಿಂದ ಅವಳ ಮೆಂಟರ್ ಅಧ್ಯಾಪಕರೊಂದಿಗೆ ಮಾತಾಡಿದೆ. ಅವರು ರಾಣೆಬೆನ್ನೂರು ಕಡೆಯ ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಜೊತೆ ಮಾಡಿದರು. ಆ ಹುಡುಗಿ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಕನ್ನಡದಲ್ಲಿ ಜೋರಾಗಿ ಹೇಳಿಸುತ್ತಿದ್ದಳು: ಇಲ್ಲಿ ಎಣಿಕೆ ಒಂದರಿಂದ ಶುರು, ಹತ್ತಾಗುವ ತನಕ ತಿರುಗು, ಪ್ರತಿ ಸಲ ಒಂದು ಕೂಡಿಸು. ಅರ್ಥ ಕನ್ನಡದಲ್ಲಿ ಕೂತ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಅವಳಿಗೆ ಕಷ್ಟವಾಗಲಿಲ್ಲ. ಊರಿಗೆ ಹೋಗಬೇಕೆನಿಸಿದರೆ ಹೋಗಿ ಬರಲಿ, ಆದರೆ ಹೊರಡುವ ಮೊದಲೇ ಮರಳುವ ಬಸ್ಸಿನ ಟಿಕೆಟ್ ತೆಗೆಸಿರಿ ಎಂದು ಮನೆಯವರಿಗೆ ಹೇಳಿದ್ದೆ. ಡಿಸೆಂಬರಿನಲ್ಲಿ ಒಮ್ಮೆ ಹೋಗಿ, ಹೇಳಿದ ದಿನಕ್ಕೇ ಬಂದಳು.

ಹಾಜರಾತಿಯ ಕೊರತೆ ವಿನಾಯಿತಿಯ ಮಿತಿಯೊಳಗೆ ಬಂತು. ಮೊದಲ ಸೆಮಿಸ್ಟರಿನಲ್ಲಿ ಗಣಿತ ಫೇಲಾಯಿತು, ಉಳಿದವೆಲ್ಲ ಪಾಸಾದವು. ಫಲಿತಾಂಶ ಬಂದ ರಾತ್ರಿ ಬುಧವಾರವೂ ಅಲ್ಲ, ಭಾನುವಾರವೂ ಅಲ್ಲ. ಆದರೂ ಅವಳೇ ಫೋನ್ ಮಾಡಿ, ಗಣಿತ ಹೋಯಿತು ಎಂದು ತಂದೆಗೆ ಹೇಳಿದಳಂತೆ. ತಂದೆ, ಈ ಸಲ ಹತ್ತಿಗೂ ಹುಳ ಬಿತ್ತು ಎಂದರಂತೆ. ಮುಂದಿನ ಅವಕಾಶದಲ್ಲಿ ಅವಳು ಗಣಿತವನ್ನು ಮುಗಿಸಿದಳು.

ಮರುವರ್ಷ ಹೊಸ ವಿದ್ಯಾರ್ಥಿಗಳ ಪೋಷಕರ ಸಭೆಯಲ್ಲಿ ಮಾತಾಡಲು ಸುಮಾಳ ತಂದೆಯನ್ನು ಕರೆದೆ. ವೇದಿಕೆ ಹತ್ತಲು ಒಪ್ಪದೆ, ಸಾಲಿನ ನಡುವೆ ನಿಂತೇ ಎತ್ತಿನ ಕಥೆಯನ್ನು ಹೇಳಿದರು. "ಮಾರೂದಿದ್ರ ಮಾರ್ರಿ, ಆದ್ರ ಮಕ್ಕಳಿಗೆ ಹೇಳಿ ಮಾರ್ರಿ" ಎಂದು ಕುಳಿತರು. ಸಭೆ ಮುಗಿದ ಮೇಲೆ ಮೂರ್ನಾಲ್ಕು ತಂದೆಯರು ಅವರನ್ನು ಸುತ್ತುವರಿದು ಬಹಳ ಹೊತ್ತು ಮಾತಾಡುತ್ತ ನಿಂತಿದ್ದರು.

ಆ ವರ್ಷದಿಂದ ಪೋಷಕರು ತುಂಬಿಕೊಡುವ ನನ್ನ ಮಾಹಿತಿ ಪತ್ರದಲ್ಲಿ ಒಂದು ಪ್ರಶ್ನೆಯನ್ನು ಸೇರಿಸಿದ್ದೇನೆ: ಮನೆಯಲ್ಲಿ ನಡೆದಿರುವ, ಮಗನಿಗೆ ಅಥವಾ ಮಗಳಿಗೆ ಇನ್ನೂ ಹೇಳದಿರುವ ಸಂಗತಿ ಏನಾದರೂ ಇದೆಯೇ? ಆ ಪ್ರಶ್ನೆಗೆ ಬಂದಾಗ ಅನೇಕರು ಪೆನ್ನನ್ನು ಕೆಳಗಿಟ್ಟು, ಪಕ್ಕದಲ್ಲಿ ಕುಳಿತ ಗಂಡನ ಅಥವಾ ಹೆಂಡತಿಯ ಮುಖ ನೋಡುತ್ತಾರೆ. ಕೆಲವರು ಆ ಜಾಗವನ್ನು ಖಾಲಿ ಬಿಟ್ಟು ಪತ್ರವನ್ನು ಕೊಟ್ಟು, ಎರಡು ದಿನ ಬಿಟ್ಟು ಫೋನ್ ಮಾಡುತ್ತಾರೆ.